ಜನ್ನಾಪುರ ಸುತ್ತಿ ಬಂದ ಬಡ್ತಿ

ನಿರಂಜನ ಆಯುಧಪೂಜೆಯನ್ನು ಅಷ್ಟೊಂದು ಶ್ರದ್ಧೆಯಿಂದ ಮಾಡದೇ ಇದ್ದಿದ್ದರೆ ಇಷ್ಟೆಲ್ಲ ನಡೆಯುತ್ತಲೇ ಇರಲಿಲ್ಲ.

ಶಿವಮೊಗ್ಗದ ಗಾಂಧಿ ಬಜಾರಿನ ಮಗ್ಗುಲಲ್ಲಿ ಹೆಡ್ ಆಫೀಸು, ಭದ್ರಾವತಿಯಲ್ಲೊಂದು, ಸುತ್ತಮುತ್ತ ಇನ್ನೊಂದಷ್ಟು ಶಾಖೆಗಳಿದ್ದ ಪತ್ತಿನ ಸಹಕಾರ ಸಂಘವೊಂದರಲ್ಲಿ ಅವನು ಸಿಸ್ಟಮ್ ಇನ್‌ಚಾರ್ಜ್. ಅಂದರೆ ಕಂಪ್ಯೂಟರ್ ಕೆಟ್ಟರೆ ಎಲ್ಲರೂ ಬೈಯುವುದು ಅವನನ್ನು, ಸರಿಹೋದರೆ ಹೊಗಳುವುದು ಕಂಪ್ಯೂಟರನ್ನು. ಗುಮಾಸ್ತನಾಗಿ ಸೇರಿದ್ದ ಅವನಿಗೆ ಈ ಹುದ್ದೆ ಒಲಿದದ್ದು ಓದಿನಿಂದಲ್ಲ. ಒಮ್ಮೆ ನಿಂತುಹೋಗಿದ್ದ ಪ್ರಿಂಟರಿನ ಬೆನ್ನಿಗೆ ಅವನು ಬೇಸರದಿಂದ ಒಂದು ಗುದ್ದು ಕೊಟ್ಟ. ಅದು ಗರಗರ ಎಂದು ಓಡತೊಡಗಿತು. ಆ ಹೊತ್ತಿಗೆ ಸರಿಯಾಗಿ ಅಲ್ಲಿ ಕಾರ್ಯದರ್ಶಿಗಳು ನಿಂತಿದ್ದರು. ಅಂದಿನಿಂದ ನಿರಂಜನ ತಂತ್ರಜ್ಞನಾದ. ಯಂತ್ರಗಳಿಗೆ ಸೆಕೆಯಾಗಬಾರದೆಂದು ಸಂಘದವರು ಏಸಿ ಹಾಕಿಸಿದ್ದ ಕೋಣೆಯಲ್ಲಿ ಅವನಿಗೂ ಒಂದು ಕುರ್ಚಿ ಸಿಕ್ಕಿತು.

ಈ ಸಲದ ಆಯುಧಪೂಜೆಗೆ ಅವನು ಭದ್ರಾವತಿ ಶಾಖೆಗೆ ಹೋಗಿದ್ದ. ಕ್ಯಾಷ್ ಎಣಿಸುವ ಯಂತ್ರಕ್ಕೆ, ಕಂಪ್ಯೂಟರುಗಳಿಗೆ, ಮ್ಯಾನೇಜರರ ಸ್ಕೂಟರಿಗೆ ಎಲ್ಲಕ್ಕೂ ಪೂಜೆಯಾದ ಮೇಲೆ, ಗೋಡೆಯ ಮೇಲಿದ್ದ ನೆಟ್‌ವರ್ಕ್ ಡಬ್ಬಿಗೆ ಮಾತ್ರ ಯಾರೂ ಒಂದು ಹೂವೂ ಏರಿಸಿಲ್ಲವೆಂಬುದು ಅವನ ಕಣ್ಣಿಗೆ ಬಿತ್ತು. “ಎಲ್ಲಾ ಶಾಖೆಗೂ ಜೀವ ಇರೋದೇ ಇದರಲ್ಲಿ, ಇದಕ್ಕೇ ಪೂಜೆ ಇಲ್ವಾ?” ಎಂದು ತಂತಿಗಳನ್ನೆಲ್ಲ ಕಿತ್ತು, ಡಬ್ಬಿಯನ್ನು ಕೆಳಗಿಳಿಸಿ, ಒರೆಸಿ, ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿ ಮಂಗಳಾರತಿ ಎತ್ತಿದ. ಸಂಜೆ ತಂತಿಗಳನ್ನು ಮರಳಿ ಸಿಕ್ಕಿಸುವಾಗ ಒಂದು ತುದಿ ಉಳಿದುಕೊಂಡು ಜೋತಾಡುತ್ತಿತ್ತು. ಹಬ್ಬದ ದಿನ ಹಾಗೆ ಜೋತಾಡುವುದು ಲಕ್ಷಣವಲ್ಲವೆಂದು ಖಾಲಿ ಕಂಡ ತೂತಿಗೆ ಅದನ್ನು ತುರುಕಿದ. ಆ ತಂತಿಯ ಇನ್ನೊಂದು ತುದಿಯೂ ಅದೇ ಡಬ್ಬಿಯಲ್ಲಿತ್ತು.

ಡಬ್ಬಿಯ ದೀಪಗಳೆಲ್ಲ ಒಟ್ಟಿಗೇ ಎಡೆಬಿಡದೆ ಮಿನುಗತೊಡಗಿದವು. ಪೂಜೆ ಫಲಿಸಿತೆಂದು ನಿರಂಜನ ಕೈಮುಗಿದು ಮನೆಗೆ ಹೋದ.

ಹಬ್ಬ ಮುಗಿದು ಬಾಗಿಲು ತೆಗೆದರೆ ಒಂದು ಶಾಖೆಯೂ ಉಸಿರಾಡಲಿಲ್ಲ. ಹೊರಟ ಮಾತು ಅದೇ ಡಬ್ಬಿಯೊಳಗೆ ಗಿರಕಿ ಹೊಡೆದು, ಹೊಡೆದು, ಉಳಿದ ಯಾವ ಮಾತಿಗೂ ಜಾಗ ಬಿಡಲಿಲ್ಲ. ಠೇವಣಿ ಇಟ್ಟವರು ಕೌಂಟರಿನ ಗಾಜು ಬಡಿದರು. ಒಬ್ಬ ಅಜ್ಜಿಯಂತೂ ತನ್ನ ಹಣ ಕೈಗೆ ಬರುವವರೆಗೆ ಏಳುವುದಿಲ್ಲವೆಂದು ಮ್ಯಾನೇಜರರ ಕೋಣೆಯಲ್ಲೇ ಕೂತು ಎಲೆಅಡಿಕೆ ಹಾಕಿಕೊಂಡಳು. ಕೊನೆಗೆ ಬೆಂಗಳೂರಿನಿಂದ ಬಂದ ಒಬ್ಬ ಹುಡುಗ ಆ ತಂತಿಯನ್ನು ಎರಡು ಬೆರಳಿನಲ್ಲಿ ಹೊರಗೆಳೆದು, ಊಟ ಮಾಡಿಕೊಂಡು ವಾಪಸು ಹೋದ.

ಕಾರ್ಯದರ್ಶಿ ಬಸವರಾಜೇಶ್ವರಿಯವರು ನಿರಂಜನನನ್ನು ಕರೆದು ಬಾಗಿಲು ಹಾಕಿಕೊಂಡರು. ಅವರು ಕೂಗಾಡುವವರಲ್ಲ. ಮೆಲ್ಲಗೆ ಮಾತನಾಡುತ್ತಿದ್ದರು, ಅದಕ್ಕೇ ಎಲ್ಲರಿಗೂ ಭಯ.

“ನಿರಂಜನ್, ದುರ್ಗಿಗುಡೀಲಿ ಒಂದು ವಾರ ರೂಟಿಂಗ್ ತರಬೇತಿ ಇದೆ. ಮಧ್ಯಮ ಹಂತದ್ದು. ಆರಂಭದ ಹಂತ ನಿಮಗೆ ಗೊತ್ತಿದೆ ಅಂತ ನಾವೆಲ್ಲ ಇಷ್ಟು ವರ್ಷ ನಂಬಿದ್ವಲ್ಲ, ಅದಕ್ಕೆ. ಕೊನೇ ದಿನ ಪರೀಕ್ಷೆ ಮಾಡ್ತಾರೆ. ಪಾಸಾದ್ರೆ ನಿಮ್ಮ ಕುರ್ಚಿ ನಿಮಗೆ.”

“ಆಗದಿದ್ರೆ ಮೇಡಂ?”

“ಪಿಗ್ಮಿಗೆ ಹಾಕ್ತೀನಿ. ವಿಷಯ ನಮ್ಮಿಬ್ಬರಲ್ಲೇ ಇರಲಿ. ನಿಮ್ಮ ಮರ್ಯಾದೆ ಪ್ರಶ್ನೆ.”

ಪಿಗ್ಮಿ ಅಂದರೆ ಬಿಸಿಲು. ದಿನವೂ ಅಂಗಡಿಯಿಂದ ಅಂಗಡಿಗೆ ಅಲೆದು, ವ್ಯಾಪಾರಿಗಳ ಸಣ್ಣ ಉಳಿತಾಯ ವಸೂಲಿ ಮಾಡಿ, ಹೆಗಲಿಗೆ ನೇತುಹಾಕಿದ ಪುಟ್ಟ ಯಂತ್ರದಿಂದ ಚೀಟಿ ಹರಿದು ಕೊಡುವ ಕೆಲಸ. “ನಾಳೆ ಬಾರಯ್ಯ” ಎಂದವರ ಅಂಗಡಿಗೆ ನಾಳೆ ಮತ್ತೆ ಹೋಗಬೇಕು. ಏಸಿ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂತು ಅಭ್ಯಾಸವಾಗಿದ್ದ ನಿರಂಜನನಿಗೆ ಅದನ್ನು ನೆನೆದೇ ಬೆವರು ಬಂತು.

ಸೋಮವಾರ ಬೆಳಿಗ್ಗೆ ಅವನು ಹೊಸ ನೋಟ್‌ಬುಕ್ ಹಿಡಿದು ಭದ್ರಾವತಿಯ ಜನ್ನಾಪುರದ ಬಸ್‌ಸ್ಟಾಪಿಗೆ ಬಂದಾಗ ವೀರಪ್ಪ ಎಂದಿನಂತೆ ಅಲ್ಲಿಯೇ ಕೂತಿದ್ದರು. ನಿರಂಜನನ ಎದುರುಮನೆಯವರು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರಿಗೆ ಯಾವ ಊರಿಗೂ ಹೋಗುವುದಿರಲಿಲ್ಲ. ಆದರೂ ದಿನಾ ಬಸ್‌ಸ್ಟಾಪಿಗೆ ಬರುತ್ತಿದ್ದರು. ಪೇಪರ್ ತರಿಸುವುದನ್ನು ಎಂದೋ ನಿಲ್ಲಿಸಿದ್ದರು, ಅಗತ್ಯ ಬೀಳುತ್ತಿರಲಿಲ್ಲ.

“ಏನ್ ಸ್ವಾಮಿ, ಕೈಲಿ ನೋಟ್‌ಬುಕ್ಕು! ಸ್ಕೂಲಿಗೆ ಸೇರಿದ್ರಾ?”

“ತರಬೇತಿ ಇದೆ ವೀರಪ್ಪನವರೇ. ನೆಟ್‌ವರ್ಕಿಂದು.”

“ಈ ವಯಸ್ಸಿಗೆ ತರಬೇತೀನಾ? ಯಾಕೆ, ಏನಾದ್ರೂ ಎಡವಟ್ಟು ಮಾಡಿದ್ರಾ?”

ಹುಣ್ಣು ಎಲ್ಲಿದೆಯೋ ಅಲ್ಲಿಯೇ ಕೈ ಇಡುವುದು ವೀರಪ್ಪನವರಿಗೆ ದೈವದತ್ತ. ನಿರಂಜನ ಬಸ್ಸು ಬರುವ ದಿಕ್ಕಿಗೆ ಗಂಭೀರವಾಗಿ ನೋಡಿದ. ಸುಳ್ಳು ಹೇಳುವ ಮನಸ್ಸಿರಲಿಲ್ಲ, ನಿಜ ಹೇಳುವ ಧೈರ್ಯವಿರಲಿಲ್ಲ.

“ಮೇಲಿನವರಿಗೆ ಏನೋ ಯೋಚನೆ ಇದೆ ಅಂತ ಕಾಣುತ್ತೆ,” ಎಂದ.

ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ತಪ್ಪೆಂದು ಯಾರೂ ಹೇಳುವಂತಿಲ್ಲ, ಮೇಲಿನವರಿಗೆ ಯೋಚನೆ ಇದ್ದದ್ದು ಖಂಡಿತ. ವೀರಪ್ಪ ಮಾತ್ರ “ಓಹೋ” ಎಂದರು. ಆ ‘ಓಹೋ’ದ ಕೊನೆಯ ಅಕ್ಷರ ಮುಗಿಯುವ ಮೊದಲೇ ಅವರು ಎದ್ದು ಮನೆಯ ಕಡೆ ಹೊರಟಿದ್ದನ್ನು ಬಸ್ಸು ಹತ್ತುವ ಗಡಿಬಿಡಿಯಲ್ಲಿ ನಿರಂಜನ ಗಮನಿಸಲಿಲ್ಲ.

ತರಬೇತಿ ಕೊಡಲು ಬಂದಿದ್ದವಳು ದೀಪಶ್ರೀ ಎಂಬ ಚುರುಕು ಹುಡುಗಿ. ಕಲಿಯಲು ಬಂದವರೆಲ್ಲ ಅವಳಿಗಿಂತ ಚಿಕ್ಕವರು, ನಿರಂಜನನೊಬ್ಬನನ್ನು ಬಿಟ್ಟು. ಅವನು ಹಿಂದಿನ ಬೆಂಚು ಹಿಡಿದ. ರೂಟರ್ ಅಂದರೆ ದಾರಿ ತೋರಿಸುವ ಯಂತ್ರ, ಅದಕ್ಕೆ ಊರೆಲ್ಲ ಗೊತ್ತಿರುವುದಿಲ್ಲ, ಅಕ್ಕಪಕ್ಕದ ರೂಟರುಗಳು ಹೇಳಿದ್ದನ್ನು ನಂಬಿ ತಾನೂ ಮುಂದಿನವರಿಗೆ ಹೇಳುತ್ತದೆ ಎಂದು ದೀಪಶ್ರೀ ವಿವರಿಸಿದಳು. ಆ ದಿನ ನಿರಂಜನನಿಗೆ ಅರ್ಥವಾದದ್ದು ಅಷ್ಟೇ. ಅದೂ ಹೊಸ ವಿಷಯವೆಂದು ಅನ್ನಿಸಲಿಲ್ಲ.

ಮಧ್ಯಾಹ್ನ ಎಲ್ಲರಿಗೂ ಒಂದೊಂದು ರೂಟರು ಕೊಟ್ಟು ಪಕ್ಕದವರ ಜೊತೆ ಜೋಡಿಸಲು ಹೇಳಿದಳು. ಒಂದು ಸುತ್ತು ಬಂದು ನಿರಂಜನನ ಹತ್ತಿರ ನಿಂತಳು.

“ಸರ್, ನಿಮ್ಮ ರೂಟರು ಅಕ್ಕಪಕ್ಕದವರ ಜೊತೆ ಮಾತೇ ಆಡ್ತಿಲ್ಲ.”

“ನಮ್ಮ ಬೀದೀಲಿ ಆ ತೊಂದರೆ ಇಲ್ಲ ಮೇಡಂ,” ಎಂದ ನಿರಂಜನ.

ಅದೇ ಹೊತ್ತಿಗೆ ಆ ಬೀದಿ ಕೆಲಸ ಶುರುಮಾಡಿ ಆಗಿತ್ತು. ವೀರಪ್ಪನವರು ಹೆಂಡತಿ ಲಿಂಗಮ್ಮನಿಗೆ, “ಎದುರುಮನೆ ಸ್ವಾಮಿಗಳಿಗೆ ಬಡ್ತಿ ಬರೋ ಹಾಗಿದೆ ಕಣೆ” ಎಂದರು. ಲಿಂಗಮ್ಮ ಹಾಲಿನ ಡೈರಿಯ ಮುಂದೆ ‘ಬರೋ ಹಾಗಿದೆ’ಯನ್ನು ‘ಬಂತಂತೆ’ ಮಾಡಿದಳು. ವೀರಪ್ಪನವರ ಹಿತ್ತಲ ಮನೆಯಲ್ಲಿ ಬಾಡಿಗೆಗಿದ್ದ ಚಂದ್ರು ಅದೇ ಸಂಘದ ಭದ್ರಾವತಿ ಶಾಖೆಯ ಕ್ಯಾಷಿಯರು. ಅವನು ಹಾಲು ತಂದ, ಹಾಲಿನ ಜೊತೆ ಸುದ್ದಿಯನ್ನೂ ತಂದ, ಅದನ್ನು ಹೆಡ್ ಆಫೀಸಿಗೆ ಫೋನಿನಲ್ಲಿ ಮುಟ್ಟಿಸಿದ. ಹೆಡ್ ಆಫೀಸಿನವರು ತಮಗೇ ಗೊತ್ತಿಲ್ಲದ ಹೆಡ್ ಆಫೀಸಿನ ಸುದ್ದಿ ಭದ್ರಾವತಿಯಿಂದ ಬಂತಲ್ಲ ಎಂದು ನಾಚಿಕೊಂಡು, ಗೊತ್ತಿದ್ದವರಂತೆ ತಲೆಯಾಡಿಸಿ, ಬಜಾರಿಗೆ ದಾಟಿಸಿದರು.

ಮಂಗಳವಾರ ಸಂಜೆ ನಿರಂಜನ ಗಾಂಧಿ ಬಜಾರಿನಲ್ಲಿ ನಡೆದು ಬರುತ್ತಿದ್ದಾಗ ಬಟ್ಟೆ ಅಂಗಡಿಯ ವಿಜಯೇಂದ್ರ ಗದ್ದುಗೆಯಿಂದಲೇ ಕೈ ಬೀಸಿದರು. ಅವರು ಸಂಘದ ನಿರ್ದೇಶಕರಲ್ಲೊಬ್ಬರು. ಇಷ್ಟು ವರ್ಷದಲ್ಲಿ ಅವನ ಕಡೆ ಒಮ್ಮೆಯೂ ಕೈ ಬೀಸಿದವರಲ್ಲ.

“ಬನ್ನಿ ಮಾರಾಯ್ರೆ, ಬನ್ನಿ! ಎಲ್ಲಾ ಶಾಖೆಗೂ ಇನ್ನು ನೀವೇ ಮುಖ್ಯ ಅಧಿಕಾರಿ ಅಂತೆ. ನಮಗೊಂದು ಮಾತು ಹೇಳ್ಬಾರ್ದಾ?”

ನಿರಂಜನ ಬೆಚ್ಚಿದ. “ಯಾರು ಹೇಳಿದ್ರು ಸರ್?”

“ಯಾರು ಅಂದ್ರೆ? ಹೆಡ್ ಆಫೀಸಲ್ಲಿ ಎಲ್ಲರ ಬಾಯಲ್ಲೂ ಅದೇ!”

ಇಲ್ಲಿ ನಾವು ನಿರಂಜನನಿಗೆ ಅನ್ಯಾಯ ಮಾಡಬಾರದು. ಮೊದಲ ಕ್ಷಣ ಅವನಿಗೂ ಅನುಮಾನ ಬಂತು. ಆದರೆ ಹೇಳುತ್ತಿರುವವರು ನಿರ್ದೇಶಕರು, ಮಾತು ಹೆಡ್ ಆಫೀಸಿನದು. ಮೇಡಂ ಪಿಗ್ಮಿ ಎಂದು ಹೆದರಿಸಿದ್ದು? ಅದು ಓದಲಿ ಎಂದು ಹೆದರಿಸಿದ್ದು, ಹೆಡ್‌ಮಾಸ್ಟರುಗಳು ಬುದ್ಧಿವಂತ ಹುಡುಗರನ್ನೇ ಹೆಚ್ಚು ಗದರಿಸುವುದಿಲ್ಲವೇ! ಮೇಲಿನವರಿಗೆ ಏನೋ ಯೋಚನೆ ಇದೆ ಎಂದು ತಾನೇ ಬಾಯಿಬಿಟ್ಟು ಹೇಳಿದ್ದೆನಲ್ಲ, ಆ ಗಳಿಗೆಯಲ್ಲಿ ನಾಲಿಗೆಯ ಮೇಲೆ ಸರಸ್ವತಿ ಕೂತಿದ್ದಿರಬೇಕು ಎಂದು ಅವನಿಗೆ ರೋಮಾಂಚನವಾಯಿತು.

“ಮುಖ್ಯ ಅಧಿಕಾರಿಗಳು ಅಂಗಿಯಲ್ಲೇ ಓಡಾಡಿದ್ರೆ ಚೆಂದ ಕಾಣಲ್ಲ,” ಎಂದು ವಿಜಯೇಂದ್ರ ಟೇಪು ತೆಗೆದು ಅವನ ಭುಜ ಅಳೆಯತೊಡಗಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆಂದು ಗಾದೆಯಲ್ಲಿ ಕೇಳಿದ್ದೇವೆ. ನಿರಂಜನ ಕೋಟು ಹೊಲಿಯಲು ಕೊಟ್ಟ.

ಮನೆಗೆ ಬಂದು ಹೆಂಡತಿ ಮೀರಾಳಿಗೆ ಸುದ್ದಿ ಮುಟ್ಟಿಸಿದರೆ ಅವಳು ಬೆರಗಾಗಲೇ ಇಲ್ಲ.

“ನಂಗೆ ನಿನ್ನೇನೇ ಗೊತ್ತು. ಲಿಂಗಮ್ಮ ಹೇಳಿದ್ರು. ನೀವಾಗೇ ಯಾವಾಗ ಬಾಯಿ ಬಿಡ್ತೀರೋ ನೋಡೋಣ ಅಂತ ಸುಮ್ನಿದ್ದೆ.”

ನಿರ್ದೇಶಕರೂ ಹೇಳುತ್ತಾರೆ, ಲಿಂಗಮ್ಮನೂ ಹೇಳುತ್ತಾಳೆ. ಬೇರೆ ಬೇರೆ ದಿಕ್ಕಿನಿಂದ ಒಂದೇ ಮಾತು ಬಂದ ಮೇಲೆ ಇನ್ನು ಅನುಮಾನವೇನು? ಮಾರನೆಯ ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ನಿರಂಜನ ತಾನಾಗಿಯೇ ವೀರಪ್ಪನವರ ಪಕ್ಕ ಕೂತು, “ಡೈರೆಕ್ಟರೇ ಹೇಳಿಬಿಟ್ರು” ಎಂದ. ವೀರಪ್ಪನವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ತಾವು ಅಂದಾಜಿನಲ್ಲಿ ಹೇಳಿದ್ದನ್ನು ನಿರ್ದೇಶಕರೇ ದೃಢಪಡಿಸಿದ್ದಾರೆ! ಸುದ್ದಿ ಎರಡನೆಯ ಸುತ್ತಿಗೆ ಹೊರಟಿತು, ಈ ಸಲ ಒಂದು ಮೆಟ್ಟಿಲು ಮೇಲಕ್ಕೆ.

ಡೈರಿಯ ಮುಂದೆ ಅವನು ಉಪವ್ಯವಸ್ಥಾಪಕನಾದ. ಚಂದ್ರುವಿನ ಬಾಯಲ್ಲಿ ವ್ಯವಸ್ಥಾಪಕ. ಬಜಾರು ಮುಟ್ಟುವಷ್ಟರಲ್ಲಿ ಅವನು ಮೀಟಿಂಗುಗಳಿಗೆ ಸೋಗಾನೆಯಿಂದ ವಿಮಾನದಲ್ಲೇ ಓಡಾಡಬೇಕಾಗುತ್ತದೆಂದು ತೀರ್ಮಾನವಾಗಿತ್ತು. ಮೀರಾಳ ಸೋದರಮಾವ ಶಂಕರನಾರಾಯಣರು ಸಂಸ್ಕೃತ ಮೇಷ್ಟರಾಗಿದ್ದವರು, ಜ್ಯೋತಿಷ್ಯವನ್ನೂ ಬಲ್ಲವರು. ಅವರು ಶಿವಮೊಗ್ಗದಿಂದ ಪಂಚಾಂಗ ಸಮೇತ ಬಂದು ನಿರಂಜನನ ಜಾತಕ ಬಿಡಿಸಿದರು.

“ದಶಮದಲ್ಲಿ ಗುರು! ಅಧಿಕಾರಯೋಗ! ನಾನು ಮದುವೆ ಕಾಲಕ್ಕೇ ಹೇಳಿದ್ದೆ.”

“ಆಗ ನೀವು ಹುಡುಗ ಗುಮಾಸ್ತನಾಗೇ ಮುದುಕನಾಗ್ತಾನೆ ಅಂದಿದ್ರಿ ಮಾವ,” ಎಂದಳು ಮೀರಾ.

“ಆಗ ಗುರುವಿಗೆ ಪೂರ್ತಿ ಮಾಹಿತಿ ಇರಲಿಲ್ಲ,” ಎಂದು ಅವರು ಇನ್ನೊಂದು ಪೇಡ ತೆಗೆದುಕೊಂಡರು.

ಗ್ರಹಗಳೂ ಒಪ್ಪಿದ ಮೇಲೆ ನಿರಂಜನ ಓದುವುದನ್ನು ಬಿಟ್ಟ. ತರಗತಿಯಲ್ಲಿ ರೂಟರನ್ನು ಮುಟ್ಟದೆ, ಪಕ್ಕದ ಹುಡುಗನ ಬೆನ್ನು ತಟ್ಟಿ, “ಚೆನ್ನಾಗಿ ಮಾಡ್ತೀಯ, ಮುಂದೆ ನಮ್ಮಲ್ಲೇ ಒಂದು ಪೋಸ್ಟು ಹಾಕ್ಸೋಣ” ಎಂದು ಆಶ್ವಾಸನೆ ಕೊಡತೊಡಗಿದ. ಸಂಜೆಗಳೆಲ್ಲ ಅಭಿನಂದನೆ ಸ್ವೀಕರಿಸುವುದರಲ್ಲೇ ಕಳೆದುಹೋಗುತ್ತಿದ್ದವು. ಹೊಸ ನೋಟ್‌ಬುಕ್ಕಿನಲ್ಲಿ ಅವನು ಅಭ್ಯಾಸ ಮಾಡಿದ್ದು ವ್ಯವಸ್ಥಾಪಕರ ಸಹಿಯನ್ನು.

ಗುರುವಾರ ದೀಪಶ್ರೀ ಬೋರ್ಡಿನ ಮೇಲೆ ಎರಡು ರೂಟರ್ ಬರೆದಳು.

“ಈಗ ಮೊದಲನೇ ರೂಟರಿಗೆ ಒಂದು ಊರಿನ ದಾರಿ ಗೊತ್ತು. ಅದನ್ನ ಪಕ್ಕದ ರೂಟರಿಗೂ ಹೇಳಿದೆ. ಆಮೇಲೆ ಆ ದಾರಿ ಕಡಿದು ಹೋಯ್ತು. ಊರಿಗೆ ದಾರೀನೇ ಇಲ್ಲ. ಅಷ್ಟರಲ್ಲಿ ಪಕ್ಕದ ರೂಟರು, ‘ನಂಗೆ ಆ ಊರಿನ ದಾರಿ ಗೊತ್ತು’ ಅನ್ನುತ್ತೆ. ಅದಕ್ಕೆ ಹೇಳಿದ್ದು ಯಾರು? ಈ ಮೊದಲನೆಯದೇ! ಆದ್ರೆ ಇದು ಅದನ್ನ ಮರೆತು, ಓಹೋ ದಾರಿ ಇದೆ ಅಂತ ನಂಬಿಬಿಡುತ್ತೆ. ನಂಬಿ, ಲೆಕ್ಕಕ್ಕೆ ಒಂದು ಸೇರಿಸಿ ವಾಪಸ್ ಹೇಳುತ್ತೆ. ಅದು ಇನ್ನೊಂದು ಸೇರಿಸುತ್ತೆ. ಹೀಗೇ ಸುತ್ತುತ್ತಾ ಸುತ್ತುತ್ತಾ ಲೆಕ್ಕ ಏರ್ತಾನೇ ಹೋಗುತ್ತೆ.”

“ಎಲ್ಲೀವರೆಗೆ ಮೇಡಂ?” ಎಂದ ಮುಂದಿನ ಬೆಂಚಿನವನು.

“ಇದಕ್ಕಿಂತ ಮೇಲಿಲ್ಲ ಅನ್ನೋ ಮಿತಿ ಒಂದಿರುತ್ತಲ್ಲ, ಅದಕ್ಕೆ ತಲೆ ಹೊಡೆಯೋವರೆಗೆ. ತಾನೇ ಹೇಳಿದ ಸುದ್ದೀನ ಪಕ್ಕದವರ ಬಾಯಿಂದ ಕೇಳಿ ತಾನೇ ನಂಬೋದು! ಇಂಥ ದಡ್ಡ ಯಂತ್ರ ನೋಡಿದ್ದೀರಾ?”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಿರಂಜನ. ಉಳಿದವರ ನಗು ನಿಂತ ಮೇಲೂ ಅವನದು ಸ್ವಲ್ಪ ದೂರ ಓಡಿ, ಆಮೇಲೆ ಇದ್ದಕ್ಕಿದ್ದಂತೆ ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು.

ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಹೊರಗೆ ಓಡಿಹೋಗಿ ಎತ್ತಿದ. ಬಸವರಾಜೇಶ್ವರಿಯವರು, ಎಂದಿಗಿಂತ ಮೆಲುದನಿಯಲ್ಲಿ.

“ನಿರಂಜನ್, ನನ್ನ ಕುರ್ಚಿಗೆ ಹೊಸ ಕವರ್ ಹೊಲಿಸ್ಬೇಕು ಅಂತಿದ್ದೆ. ನಿಮಗೆ ಯಾವ ಬಣ್ಣ ಇಷ್ಟ ಅಂತ ಕೇಳೋಣ ಅನ್ನಿಸ್ತು.”

“ಮೇಡಂ...”

“ಮುಂದೆ ಕೂರೋರು ನೀವೇ ಅಂತೆ. ಡೈರೆಕ್ಟರು ಫೋನ್ ಮಾಡಿ, ನಾನು ಯಾವಾಗ ಬಿಡ್ತೀನಿ ಅಂತ ವಿಚಾರಿಸಿದ್ರು.”

“ಯಾರೋ ಸುಮ್ನೆ ಹಬ್ಬಿಸಿದಾರೆ ಮೇಡಂ!”

“ಅದನ್ನೇ ಹುಡುಕಿಸ್ತಾ ಇದೀನಿ. ಯಾರು ಮೊದಲು ಬಾಯಿ ಬಿಟ್ರು ಅನ್ನೋದು ಗೊತ್ತಾಗ್ಲಿ. ಪರೀಕ್ಷೆ ಮುಗಿಸಿ ಸೋಮವಾರ ಬನ್ನಿ.”

ಸುದ್ದಿ ಕಾರ್ಯದರ್ಶಿಯ ಕುರ್ಚಿಯವರೆಗೂ ಏರಿ, ಲೆಕ್ಕ ಮಿತಿಗೆ ತಲೆ ಹೊಡೆದಿತ್ತು. ನಿರಂಜನ ಗೋಡೆ ಹಿಡಿದುಕೊಂಡು ಒಳಗೆ ಬಂದ. ಮೇಡಂ ಬಜಾರಿನಿಂದ ಹಿಡಿದು ಚಂದ್ರು, ಲಿಂಗಮ್ಮ, ವೀರಪ್ಪ ಎಂದು ಎಳೆ ಹಿಡಿದು ಬಂದರೆ ಕೊನೆಗೆ ಸಿಗುವವನು ತಾನೇ. ಆಮೇಲೆ ಪಾಸಾದರೂ ಕುರ್ಚಿ ಉಳಿಯುವುದಿಲ್ಲ.

“ಮೇಡಂ,” ಎಂದು ಅವನು ದೀಪಶ್ರೀಯನ್ನು ಕೇಳಿದ. “ಇದಕ್ಕೆ ಮದ್ದಿಲ್ವಾ?”

ಮಧ್ಯಮ ಹಂತದ ತರಬೇತಿಯಲ್ಲಿ ಇಷ್ಟು ಆರ್ತರಾಗಿ ಪ್ರಶ್ನೆ ಕೇಳಿದವರನ್ನು ಅವಳು ನೋಡಿರಲಿಲ್ಲ. “ಇದೆ ಸರ್. ಸುದ್ದಿ ಯಾರಿಂದ ಬಂತೋ ಅವರಿಗೇ ವಾಪಸ್ ಹೇಳಬಾರದು, ಅದೊಂದು.”

“ಆ ಹಂತ ದಾಟಿಹೋಗಿದೆ.”

“ಹಾಗಾದ್ರೆ ವಿಷ ಹಾಕ್ಬೇಕು. ಅಂದ್ರೆ ಸುದ್ದಿ ಎಲ್ಲಿ ಹುಟ್ಟಿತೋ ಆ ರೂಟರೇ, ‘ಆ ದಾರಿ ಸತ್ತು ಹೋಗಿದೆ’ ಅಂತ ತಾನಾಗೇ ಎಲ್ಲರಿಗೂ ಡಂಗುರ ಹೊಡೀಬೇಕು. ಸ್ವಲ್ಪ ಸಮಯ ಹಿಡಿಯುತ್ತೆ. ಒಳ್ಳೆ ಸುದ್ದಿ ಬೇಗ ಹಬ್ಬುತ್ತೆ, ಕೆಟ್ಟ ಸುದ್ದಿ ನಿಧಾನ.”

“ನಿಮ್ಮದು ಯಾವ ಊರು ಮೇಡಂ?”

“ಬೆಂಗಳೂರು.”

“ಅದಕ್ಕೇ,” ಎಂದು ನಿರಂಜನ ಬ್ಯಾಗು ಎತ್ತಿಕೊಂಡ.

ಸಂಜೆ ಬಸ್ಸಿಳಿದವನು ನೇರವಾಗಿ ವೀರಪ್ಪನವರ ಮುಂದೆ ಹೋಗಿ ನಿಂತ.

“ವೀರಪ್ಪನವರೇ, ಬಡ್ತಿ ಗಿಡ್ತಿ ಏನೂ ಇಲ್ಲ. ನಾನು ಪಿಗ್ಮಿ ಕಲೆಕ್ಷನ್ನಿಗೆ ಹೋಗ್ತಾ ಇದೀನಿ.”

“ಅಯ್ಯೋ ಶಿವನೇ!” ಎಂದರು ವೀರಪ್ಪ. ಅವರ ಮುಖ ಬಡ್ತಿಯ ಸುದ್ದಿಗೂ ಹೀಗೆ ಅರಳಿರಲಿಲ್ಲ. “ಹಾಕಿಬಿಟ್ರಾ?”

ಇಲ್ಲಿಗೆ ಸುಮ್ಮನಾಗಿದ್ದರೆ ವಿಷ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಆದರೆ ‘ಹಾಕಿಬಿಟ್ರಾ’ ಎಂಬ ಮಾತು ಮುಳ್ಳಿನಂತೆ ಚುಚ್ಚಿತು. ಮನುಷ್ಯ ಮರ್ಯಾದೆಯನ್ನು ಪೂರ್ತಿಯಾಗಿ ಬಿಟ್ಟುಕೊಡಲು ಒಪ್ಪುವುದಿಲ್ಲ, ಒಂದು ಚೂರನ್ನಾದರೂ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾನೆ.

“ಹಾಕೋದೇನು? ನಾನೇ ಕೇಳ್ಕೊಂಡೆ.”

“ನೀವೇನಾ? ಯಾಕೆ ಸ್ವಾಮಿ?”

“ದಿನಾ ಕೂತು ಕೂತು... ನಡೆದಾಡೋದು ಆರೋಗ್ಯಕ್ಕೆ ಒಳ್ಳೇದು ನೋಡಿ.”

ವೀರಪ್ಪ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕರುಣೆಯಿಂದ ‘ಚ್ಚು’ ಎಂದು ಎದ್ದರು. ನಿರಂಜನ ದಾರಿಯಲ್ಲಿ ಅಂಗಡಿಗೆ ಹೋಗಿ ಬ್ಲೇಡು ಕೊಂಡು ಮನೆ ಮುಟ್ಟುವಷ್ಟರಲ್ಲಿ ಮೀರಾ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಳು.

“ನನ್ನ ಹತ್ರ ಮುಚ್ಚಿಟ್ರಲ್ಲ ರೀ! ಸಕ್ಕರೆ ಕಾಯಿಲೆ ಬಂದು ಎಷ್ಟು ದಿನ ಆಯ್ತು?”

“ಯಾರಿಗೆ?”

“ಡಾಕ್ಟ್ರು ದಿನಾ ನಡೀಲೇಬೇಕು, ಇಲ್ದಿದ್ರೆ ಕಾಲಿಗೇ ಅಪಾಯ ಅಂದ್ರಂತೆ. ಅದಕ್ಕೇ ಅಷ್ಟು ದೊಡ್ಡ ಬಡ್ತೀನೇ ಬಿಟ್ಟುಕೊಟ್ರಂತೆ. ಬೀದಿಗೆಲ್ಲ ಗೊತ್ತು, ಕಟ್ಕೊಂಡ ಹೆಂಡ್ತಿಗೆ ಗೊತ್ತಿಲ್ಲ!”

ಅವಳ ಹಿಂದೆ ಲಿಂಗಮ್ಮ ಹಾಗಲಕಾಯಿಯ ಚೀಲ ಹಿಡಿದು ನಿಂತಿದ್ದಳು. ನಿರಂಜನ ಇಲ್ಲವೆಂದು ಆಣೆ ಇಟ್ಟ. ಸಕ್ಕರೆ ಇದ್ದವರು ಮೊದಲು ಹಾಗೆಯೇ ಹೇಳುವುದು ಎಂದು ಲಿಂಗಮ್ಮ ಮೀರಾಳಿಗೆ ಪಿಸುಗುಟ್ಟಿದಳು. ಮೇಜಿನ ಮೇಲಿದ್ದ ಪೇಡದ ಡಬ್ಬಿ ಅವನ ಕಣ್ಣೆದುರೇ ಎದುರುಮನೆಗೆ ದಾಟಿತು. ಆ ರಾತ್ರಿ ಅವನಿಗೆ ಸಿಕ್ಕಿದ್ದು ಹಾಗಲಕಾಯಿ ಪಲ್ಯ ಮತ್ತು ಮೆಂತ್ಯದ ನೀರು.

ಆದರೆ ಒಂದು ಮಾತು ನಿಜ, ವಿಷ ಕೆಲಸ ಮಾಡಿತು. ಅಭಿನಂದನೆಗೆ ಯಾರೂ ಬರಲಿಲ್ಲ. ಶಂಕರನಾರಾಯಣರು ಫೋನಿನಲ್ಲಿ, ಗುರುವಿನ ಮೇಲೆ ಶನಿಯ ದೃಷ್ಟಿ ಇರುವುದನ್ನು ತಾವು ಮೊದಲೇ ಸೂಚಿಸಿದ್ದಾಗಿ ತಿಳಿಸಿದರು. ಮನೆ ನಿಶ್ಶಬ್ದವಾಯಿತು. ಮೊದಲ ಸಲ ನಿರಂಜನ ಓದಲು ಕೂತ. ಏಸಿ ಕೋಣೆಯ ಆ ಕುರ್ಚಿಯನ್ನು ನೆನೆದು ನೆನೆದು, ಕಣ್ಣಲ್ಲಿ ನೀರು ಬರುವಷ್ಟು ಓದಿದ.

ಶನಿವಾರದ ಪರೀಕ್ಷೆಯಲ್ಲಿ ಅವನ ರೂಟರು ಅಕ್ಕಪಕ್ಕದವರ ಜೊತೆ ಮಾತಾಡಿತು. ಸುದ್ದಿ ಸುತ್ತುವ ಬಗ್ಗೆ ಬಂದ ಪ್ರಶ್ನೆಗೆ ಅವನು ಪುಟಗಟ್ಟಲೆ ಬರೆದ. ಫಲಿತಾಂಶ ಹೇಳುವಾಗ ದೀಪಶ್ರೀ ಅವನ ಕೈಕುಲುಕಿದಳು.

“ಸರ್, ಈ ಒಂದು ವಿಷಯದಲ್ಲಿ ನಿಮ್ಮಷ್ಟು ಚೆನ್ನಾಗಿ ಯಾರೂ ಬರೆದಿಲ್ಲ. ಅನುಭವಿಸಿ ಬರೆದ ಹಾಗಿದೆ.”

ನಿರಂಜನ ಪ್ರಮಾಣಪತ್ರವನ್ನು ಎದೆಗವಚಿಕೊಂಡು ಬಸ್ಸು ಹತ್ತಿದ. ಇಷ್ಟು ವರ್ಷದ ನೌಕರಿಯಲ್ಲಿ ಗುದ್ದು ಕೊಡದೆ ಗಳಿಸಿದ ಮೊದಲ ಗೆಲುವು ಅದು. ಅವನಿಗೆ ನಿಜಕ್ಕೂ ಖುಷಿಯಾಗಿತ್ತು.

ಸೋಮವಾರ ಬಸವರಾಜೇಶ್ವರಿಯವರು ಅವನನ್ನು ಕಂಡು ಎದ್ದು ನಿಂತರು. ಅವರು ಎದ್ದು ನಿಂತದ್ದನ್ನು ಸಂಘದಲ್ಲಿ ಯಾರೂ ನೋಡಿರಲಿಲ್ಲ.

“ಕೂತ್ಕೊಳ್ಳಿ ನಿರಂಜನ್. ಕಾಲು ಹೇಗಿದೆ?” ಎಂದು ಕೇಳಿ, ಸಕ್ಕರೆ ಹಾಕದ ಚಹಾ ತರಿಸಿದರು. “ನಮ್ಮ ತಂದೆಗೂ ಇತ್ತು. ನಡೆದೇ ಹತೋಟಿಗೆ ತಂದ್ರು.”

ನಿರಂಜನ ಪ್ರಮಾಣಪತ್ರ ಮುಂದಿಟ್ಟ. ಅವರು ಅದನ್ನು ನೋಡಿದರು. ಅವರ ಕಣ್ಣು ತುಸು ಒದ್ದೆಯಾದಂತೆ ಕಂಡಿತು.

“ಪಾಸೂ ಆಗಿದೀರಿ. ಪಾಸಾಗ್ತೀನಿ ಅಂತ ಗೊತ್ತಿದ್ದೂ ನೀವಾಗೇ ಪಿಗ್ಮಿ ಕೇಳಿಕೊಂಡ್ರಲ್ಲ, ಇದು ದೊಡ್ಡ ಗುಣ. ಒಂದು ಮಾತು ಹೇಳ್ಬೇಕು. ನನ್ನ ಕುರ್ಚಿ ಸುದ್ದಿ ಹಬ್ಬಿಸಿದ್ದು ನೀವೇ ಅಂತ ನಾನು ಅನುಮಾನ ಪಟ್ಟಿದ್ದೆ. ಆಮೇಲೆ ಯೋಚನೆ ಮಾಡ್ದೆ, ಕುರ್ಚಿ ಆಸೆ ಇರೋ ಮನುಷ್ಯ ಪಿಗ್ಮಿ ಕೇಳ್ತಾನಾ? ವಿಚಾರಣೆ ನಿಲ್ಲಿಸಿಬಿಟ್ಟೆ. ನೀವು ಕೇಳಿಕೊಂಡಿರೋದು ನಿಜ ತಾನೆ?”

ನಿರಂಜನ ಬಾಯಿ ತೆರೆದ. ನಾನು ಕೇಳಿಕೊಂಡಿಲ್ಲ ಎಂದರೆ ವಿಚಾರಣೆ ಶುರು. ವಿಚಾರಣೆ ಶುರುವಾದರೆ ಎಳೆ ಜನ್ನಾಪುರದ ಬಸ್‌ಸ್ಟಾಪಿಗೆ ಬಂದು ನಿಲ್ಲುತ್ತದೆ. ಅತ್ತ ದರಿ, ಇತ್ತ ಪುಲಿ. ಅವನು ಬಾಯಿ ಮುಚ್ಚಿ ಹೌದೆಂದು ತಲೆಯಾಡಿಸಿದ.

“ನೆಟ್‌ವರ್ಕಿನ ಕೆಲಸ ಶನಿವಾರಾನೇ ಹೊರಗಿನ ಕಂಪನಿಗೆ ಬರೆದುಕೊಟ್ಟೆ. ನಿಮಗಾಗಿ ಗಾಂಧಿ ಬಜಾರನ್ನೇ ಆರಿಸಿದೀನಿ. ಅಲ್ಲಿ ಒಳ್ಳೆ ನಡಿಗೆ ಆಗುತ್ತೆ.”

ನಿರಂಜನ ಸಕ್ಕರೆಯಿಲ್ಲದ ಚಹಾವನ್ನು ಕೊನೆಯ ಗುಟುಕಿನವರೆಗೂ ಕುಡಿದ.

ಮಂಗಳವಾರ ಅವನು ಪಿಗ್ಮಿ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಬಜಾರಿಗಿಳಿದ. ಮೈಮೇಲೆ ಹೊಸ ಕೋಟು. ಹೊಲಿದದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲವೆಂದು ವಿಜಯೇಂದ್ರ ಖಡಾಖಂಡಿತವಾಗಿ ಹೇಳಿದ್ದರು. ಬೆವರಿದರೆ ಸಕ್ಕರೆ ಇಳಿಯುತ್ತದೆಂದು ಕೇಳಿದ್ದ ಮೀರಾ ಅದನ್ನು ಹಾಕಿಕೊಳ್ಳದೆ ಹೊರಡಲು ಬಿಡಲಿಲ್ಲ. ಅಂಗಡಿಯಿಂದ ಅಂಗಡಿಗೆ ಹೋದಂತೆ ಜನ ಅವನನ್ನು ಕನಿಕರದಿಂದ ನೋಡಿದರು. ಹಣ ಕೊಡುವ ಮೊದಲು ಬೇವಿನ ಕಷಾಯದ ವಿಧಾನ ಹೇಳಿದರು.

ಬಜಾರಿನ ತುದಿಯಲ್ಲಿ ಕೆಂಚಪ್ಪನ ಬೆಲ್ಲದ ಅಂಗಡಿ. ಅಲ್ಲಿಗೆ ನಿರಂಜನ ಮುಟ್ಟುವಾಗ ಕೋಟಿನ ಒಳಗೆ ಅಂಗಿ ಮೈಗೆ ಅಂಟಿತ್ತು. ಅವನನ್ನು ಕಂಡದ್ದೇ ಕೆಂಚಪ್ಪ ದಡಬಡಿಸಿ ಎದ್ದ. ಮೂಟೆಗಳ ಮರೆಯಲ್ಲಿ ಕೂತಿರುವ ಅವನಿಗೆ ಬಜಾರಿನ ಸುದ್ದಿಗಳು ತಡವಾಗಿ ತಲುಪುತ್ತಿದ್ದವು. ಇನ್ನೂ ಕಳೆದ ವಾರದ್ದೇ ಅವನ ಹತ್ತಿರ ಇತ್ತು.

“ಓಹೋಹೋ, ಹೊಸಾ ಮ್ಯಾನೇಜರ್ ಸಾಹೇಬ್ರು! ಬನ್ನಿ, ಬನ್ನಿ!” ಎಂದು ಹೆಗಲ ಮೇಲಿನ ವಸ್ತ್ರದಿಂದ ಸ್ಟೂಲು ಒರೆಸಿದ. ಫ್ಯಾನನ್ನು ಅವನ ಕಡೆ ತಿರುಗಿಸಿದ. ಒಂದು ಅಚ್ಚು ಬೆಲ್ಲ ಮುರಿದು ಕೈಗಿಟ್ಟ. “ಇದೇನು ಸಾಹೇಬ್ರೆ, ಇಷ್ಟು ದೊಡ್ಡೋರು ನೀವೇ ಪಿಗ್ಮಿ ಮಷೀನು ಹಿಡ್ಕೊಂಡು ಬಂದಿದೀರಿ? ಏನು ವಿಷಯ?”

ನಿರಂಜನನಿಗೆ ಎಲ್ಲವೂ ನೆನಪಾಯಿತು. ಬೋರ್ಡಿನ ಮೇಲಿನ ಆ ಎರಡು ರೂಟರುಗಳು, ದೀಪಶ್ರೀ ಹೇಳಿದ ನಿಯಮಗಳು, ಹಾಗಲಕಾಯಿ. ನಿಜ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಫ್ಯಾನಿನ ಗಾಳಿ ತಣ್ಣಗಿತ್ತು. ಬೆಲ್ಲವಂತೂ ಬಹಳ ಸಿಹಿಯಾಗಿತ್ತು.

ಅವನು ಕೋಟಿನ ಗುಂಡಿ ಹಾಕಿಕೊಂಡು, ಬಜಾರಿನ ಆಚೆ ತುದಿಯ ಕಡೆ ಗಂಭೀರವಾಗಿ ನೋಡಿದ.

“ಮೇಲಿನವರಿಗೆ ಏನೋ ಯೋಚನೆ ಇದೆ ಅಂತ ಕಾಣುತ್ತೆ,” ಎಂದ.

“ಓಹೋ,” ಎಂದ ಕೆಂಚಪ್ಪ, ಪಕ್ಕದ ಅಂಗಡಿಯ ಕಡೆ ತಿರುಗುತ್ತಾ.